ತಪ್ಪಿದ ತೀರ್ಪು, ತಪ್ಪದ ಮಾತು

ತಪ್ಪು ಮಾಡದ ಮನುಷ್ಯನಿಲ್ಲ ಎಂಬ ಮಾತನ್ನು ಆಡದವರು ಯಾರೂ ಇಲ್ಲ. ಆದರೆ ಆ ಮಾತು ಸಾಮಾನ್ಯವಾಗಿ ಹೊರಡುವುದು ತಪ್ಪು ಮಾಡಿದವನ ಬಾಯಿಂದ, ತನ್ನ ರಕ್ಷಣೆಗಾಗಿ. ಆ ತಪ್ಪಿನಿಂದ ನಷ್ಟ ಅನುಭವಿಸಿದವನ ಬಾಯಿಂದ, ನಷ್ಟವಾದ ರಾತ್ರಿಯೇ, ಎದುರಿನವನ ಸಮಾಧಾನಕ್ಕಾಗಿ ಅದು ಹೊರಟ ಸಂದರ್ಭಗಳು ವಿರಳ. ಅಂಥದೊಂದು ಸಂದರ್ಭ 2010ರ ಜೂನ್ 2ರಂದು ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದಲ್ಲಿ ಒದಗಿತು. ನಡೆದದ್ದು ಧರ್ಮಸಭೆಯಲ್ಲಲ್ಲ, ನ್ಯಾಯಾಲಯದಲ್ಲಲ್ಲ. ಹಣಕ್ಕಾಗಿ ಆಡುವ ವೃತ್ತಿಪರ ಬೇಸ್‌ಬಾಲ್ ಪಂದ್ಯವೊಂದರಲ್ಲಿ.

ಆ ದಿನ ಕಮೆರಿಕಾ ಪಾರ್ಕ್ ಎಂಬ ಕ್ರೀಡಾಂಗಣದಲ್ಲಿ ಸ್ಥಳೀಯ ಡೆಟ್ರಾಯಿಟ್ ಟೈಗರ್ಸ್ ತಂಡಕ್ಕೂ ನೆರೆಯ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ತಂಡಕ್ಕೂ ಆಟವಿತ್ತು. ಕ್ಲೀವ್‌ಲ್ಯಾಂಡ್ ತಂಡಕ್ಕೆ ಆಗ ಇಂಡಿಯನ್ಸ್ ಎಂಬ ಹೆಸರಿತ್ತು. 2022ರ ಋತುವಿನಿಂದ ಅದು ಗಾರ್ಡಿಯನ್ಸ್ ಆಗಿದೆ. ಫಲಿತಾಂಶವನ್ನು ಮೊದಲೇ ಹೇಳಿಬಿಡಬಹುದು: ಟೈಗರ್ಸ್ 3, ಇಂಡಿಯನ್ಸ್ 0. ಒಂದು ಗಂಟೆ ನಲವತ್ತನಾಲ್ಕು ನಿಮಿಷಗಳಲ್ಲಿ ಆಟ ಮುಗಿಯಿತು. ನೋಡಲು ಬಂದವರು 17,738 ಮಂದಿ. ಋತುವೊಂದರಲ್ಲಿ ಪ್ರತಿ ತಂಡವೂ 162 ಪಂದ್ಯಗಳನ್ನಾಡುವ ಆ ಆಟದಲ್ಲಿ ಇಂಥ ಫಲಿತಾಂಶ ಮರುದಿನದ ಪತ್ರಿಕೆಯ ಒಳಪುಟದಲ್ಲಿ ಅಚ್ಚಾಗಿ ಮರೆಯಾಗಬೇಕಾದದ್ದು. ಮರೆಯಾಗಲಿಲ್ಲ. ಏಕೆಂಬುದನ್ನು ತಿಳಿಯಲು ಆಟದ ಒಂದು ನಿಯಮವನ್ನಾದರೂ ಅರಿತಿರಬೇಕು.

ಕ್ರಿಕೆಟ್ ಬಲ್ಲ ಓದುಗರಿಗೆ ಇದು ಕಷ್ಟವಲ್ಲ. ಬೌಲರನ ಸ್ಥಾನದಲ್ಲಿ ಇಲ್ಲಿ ಪಿಚರ್ ಇರುತ್ತಾನೆ. ಚೌಕಾಕಾರದ ಅಂಗಳದ ನಾಲ್ಕು ಮೂಲೆಗಳಲ್ಲಿ ತೊಂಬತ್ತು ಅಡಿ ಅಂತರಕ್ಕೊಂದರಂತೆ ನಾಲ್ಕು ನೆಲೆಗಳು. ಅವುಗಳಿಗೆ ಬೇಸ್ ಎಂದು ಹೆಸರು. ಚೆಂಡನ್ನು ಹೊಡೆದವನು ಮೊದಲ ಬೇಸಿಗೆ ಓಡಬೇಕು. ಅವನ ಕಾಲು ತಾಗುವ ಮೊದಲೇ ಎದುರಾಳಿಯೊಬ್ಬ ಚೆಂಡು ಹಿಡಿದು ಆ ಬೇಸನ್ನು ಮೆಟ್ಟಿದರೆ ಹೊಡೆದವನು ಔಟ್. ಪ್ರತಿ ಇನ್ನಿಂಗ್ಸಿಗೆ ಮೂರು ಔಟ್, ಒಂಬತ್ತು ಇನ್ನಿಂಗ್ಸ್. ಆದುದರಿಂದ ತಂಡವೊಂದಕ್ಕೆ ಒಟ್ಟು 27 ಔಟ್. ಒಬ್ಬನೇ ಪಿಚರ್ ಇಡೀ ಪಂದ್ಯದಲ್ಲಿ ಎದುರಾಳಿಯ 27 ಮಂದಿಯನ್ನೂ ಸಾಲಾಗಿ ಔಟ್ ಮಾಡಿಸಿ, ಹೊಡೆತದಿಂದಾಗಲಿ, ಸಹ ಆಟಗಾರರ ತಪ್ಪಿನಿಂದಾಗಲಿ, ಬೇರಾವ ದಾರಿಯಿಂದಾಗಲಿ ಒಬ್ಬನೂ ಮೊದಲ ಬೇಸನ್ನು ತಲುಪದಂತೆ ನೋಡಿಕೊಂಡರೆ ಅದಕ್ಕೆ ಪರಿಪೂರ್ಣ ಆಟ ಎಂದು ಹೆಸರು. 1880ರಲ್ಲಿ ಮೊದಲ ಬಾರಿಗೆ ಇದು ಸಾಧ್ಯವಾಯಿತು. ಅಂದಿನಿಂದ ಆ ಸಂಜೆಯವರೆಗಿನ ನೂರಮೂವತ್ತು ವರ್ಷಗಳಲ್ಲಿ ಇದನ್ನು ಸಾಧಿಸಿದವರು ಇಪ್ಪತ್ತು ಮಂದಿ ಮಾತ್ರ.

ಟೈಗರ್ಸ್ ತಂಡದ ಪಿಚರ್ ಆರ್ಮಾಂಡೋ ಗಲಾರಾಗಾ ವೆನೆಜುವೆಲಾ ದೇಶದವರು; ಆಗ ಇಪ್ಪತ್ತೆಂಟರ ಹರಯ. ಪ್ರಖ್ಯಾತರಲ್ಲ. ಆ ಋತುವಿನ ಆರಂಭದಲ್ಲಿ ಅವರಿಗೆ ಮುಖ್ಯ ತಂಡದಲ್ಲಿ ಸ್ಥಾನವೇ ಇರಲಿಲ್ಲ; ಟೊಲಿಡೊ ಊರಿನ ಕೆಳದರ್ಜೆಯ ತಂಡದಲ್ಲಿ ಆಡುತ್ತಿದ್ದು, ಮೇ ತಿಂಗಳಲ್ಲಷ್ಟೆ ಕರೆ ಬಂದು ಡೆಟ್ರಾಯಿಟ್‌ಗೆ ಬಂದಿದ್ದರು. ಚೆಂಡನ್ನು ಭಯಂಕರ ವೇಗದಲ್ಲಿ ಎಸೆದು ಹೆದರಿಸುವವರ ಪೈಕಿಯೂ ಅವರಲ್ಲ. ಆ ದಿನ ಅವರು ಎಸೆದ ಚೆಂಡುಗಳು ಕೇವಲ 88. ಅವುಗಳಲ್ಲಿ ಬ್ಯಾಟಿಗೆ ಸಿಗದೆ ಹೊಡೆಯುವವನನ್ನು ನೇರವಾಗಿ ಔಟ್ ಮಾಡಿದ ಸಂದರ್ಭಗಳು ಮೂರೇ ಮೂರು. ಉಳಿದವರೆಲ್ಲ ಚೆಂಡನ್ನು ಹೊಡೆದರು. ಹೊಡೆದದ್ದನ್ನು ಟೈಗರ್ಸ್ ಆಟಗಾರರು ಹಿಡಿದರು. ಒಬ್ಬನ ಹೆಸರಿನಲ್ಲಿ ದಾಖಲಾಗುವ ಪರಿಪೂರ್ಣತೆ ವಾಸ್ತವವಾಗಿ ಒಂಬತ್ತು ಜನರ ಕೈಗಳದ್ದು ಎಂಬುದನ್ನು ಪತ್ರಿಕೆಗಳು ಹೆಚ್ಚಾಗಿ ಹೇಳುವುದಿಲ್ಲ.

ಒಂಬತ್ತನೆಯ ಇನ್ನಿಂಗ್ಸ್ ಬಂದಾಗ 24 ಮಂದಿ ಸಾಲಾಗಿ ಔಟಾಗಿದ್ದರು. ಇಪ್ಪತ್ತೈದನೆಯವನು ಹೊಡೆದ ಚೆಂಡು ಅಂಗಳದ ಆಳಕ್ಕೆ ಹಾರಿತು. ಆಸ್ಟಿನ್ ಜ್ಯಾಕ್ಸನ್ ಎಂಬ ಯುವ ಆಟಗಾರರು ಹೊಡೆದವನಿಗೆ ಬೆನ್ನು ಮಾಡಿ ಓಡುತ್ತಲೇ ಹೆಗಲ ಮೇಲಿಂದ ಬಂದ ಚೆಂಡನ್ನು ಹಿಡಿದುಬಿಟ್ಟರು. ಇಪ್ಪತ್ತಾರನೆಯವನೂ ಔಟಾದನು. ಜನರೆಲ್ಲ ಎದ್ದು ನಿಂತರು. ಇಪ್ಪತ್ತೇಳನೆಯವರಾಗಿ ಜೇಸನ್ ಡೊನಾಲ್ಡ್ ಎಂಬ ಹೊಸ ಆಟಗಾರರು ಬಂದು ಚೆಂಡನ್ನು ಮೊದಲ ಮತ್ತು ಎರಡನೆಯ ಬೇಸುಗಳ ನಡುವಣ ನೆಲದ ಮೇಲೆ ಹೊಡೆದರು. ಮೊದಲ ಬೇಸನ್ನು ಕಾಯುತ್ತಿದ್ದ ಮಿಗುಯೆಲ್ ಕಬ್ರೆರಾ ತಮ್ಮ ಸ್ಥಾನ ಬಿಟ್ಟು ಬಲಕ್ಕೆ ಸರಿದು ಚೆಂಡನ್ನು ತಡೆದರು. ಹಾಗೆ ತೆರವಾದ ಬೇಸಿಗೆ ಗಲಾರಾಗಾ ತಾವೇ ಓಡಿದರು. ಕಬ್ರೆರಾ ಎಸೆದರು, ಗಲಾರಾಗಾ ಹಿಡಿದು ಬೇಸನ್ನು ಮೆಟ್ಟಿದರು. ಡೊನಾಲ್ಡ್ ಆಗಿನ್ನೂ ಒಂದು ಹೆಜ್ಜೆ ಹಿಂದಿದ್ದರು.

ಮೊದಲ ಬೇಸಿನ ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈಗಳನ್ನು ಅಗಲವಾಗಿ ಚಾಚಿದರು. ಔಟ್ ಅಲ್ಲ ಎಂದು ಅದರ ಅರ್ಥ.

ಆ ಕ್ಷಣದ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದವರೆಲ್ಲ ಎರಡು ಮುಖಗಳನ್ನು ಗಮನಿಸಿದ್ದಾರೆ. ಲಾಭ ಪಡೆದ ಡೊನಾಲ್ಡ್ ತಲೆಯ ಮೇಲೆ ಕೈ ಹೊತ್ತುಕೊಂಡರು. ತಾವು ಔಟೆಂದು ಅವರಿಗೂ ತೋರಿತ್ತು. ನಷ್ಟ ಹೊಂದಿದ ಗಲಾರಾಗಾ ಅಂಪೈರರ ಕಡೆ ನೋಡಿ ನಕ್ಕರು. ವ್ಯಂಗ್ಯದ ನಗೆಯಲ್ಲ, ಕಹಿಯ ನಗೆಯಲ್ಲ. ಏನಾಯಿತೆಂದು ತಿಳಿಯದವರ ಮೆಲುನಗೆ. ಅವರು ಕೂಗಲಿಲ್ಲ, ಕೈ ಬೀಸಲಿಲ್ಲ. ಚೆಂಡು ಹಿಡಿದು ತಮ್ಮ ಸ್ಥಾನಕ್ಕೆ ಮರಳಿದರು. ಮುಂದಿನ ಆಟಗಾರ ಟ್ರೆವರ್ ಕ್ರೋ ಅವರನ್ನೂ ಔಟ್ ಮಾಡಿಸಿ ಪಂದ್ಯವನ್ನು ಮುಗಿಸಿದರು. ಇಪ್ಪತ್ತೇಳು ಔಟ್ ಸಾಕಾಗಿದ್ದ ಕೆಲಸಕ್ಕೆ ಅವರು ಇಪ್ಪತ್ತೆಂಟನ್ನು ದುಡಿದುಕೊಟ್ಟಂತಾಯಿತು. ಅವರ ತಂಡದವರು ಮಾತ್ರ ಸುಮ್ಮನಿರಲಿಲ್ಲ. ಆಟ ಮುಗಿದೊಡನೆ ತಂಡದ ಮ್ಯಾನೇಜರ್ ಜಿಮ್ ಲೇಲ್ಯಾಂಡ್ ಮತ್ತು ಆಟಗಾರರು ಅಂಪೈರರನ್ನು ಮುತ್ತಿಕೊಂಡು ಕೂಗಾಡಿದರು. ಸುತ್ತಲೂ ಜನರ ಧಿಕ್ಕಾರ.

ಜಾಯ್ಸ್ ಆಗ ಐವತ್ತನಾಲ್ಕು ವರ್ಷದವರು. ಎರಡು ದಶಕಗಳಿಗೂ ಹೆಚ್ಚು ಕಾಲ ಅತ್ಯುನ್ನತ ದರ್ಜೆಯಲ್ಲಿ ತೀರ್ಪು ನೀಡಿ ಹೆಸರು ಗಳಿಸಿದ್ದರು. ಉದಾಸೀನರೆಂದೋ ಪಕ್ಷಪಾತಿಯೆಂದೋ ಯಾರೂ ಅವರನ್ನು ಹೇಳಿದ್ದಿಲ್ಲ. ಈ ಪ್ರಸಂಗ ನಡೆದ ಕೆಲವೇ ದಿನಗಳಲ್ಲಿ ಕ್ರೀಡಾ ಪತ್ರಿಕೆಯೊಂದು ನೂರು ಮಂದಿ ಆಟಗಾರರ ಅಭಿಪ್ರಾಯ ಸಂಗ್ರಹಿಸಿ ಪ್ರಕಟಿಸಿದಾಗ, ಅತ್ಯುತ್ತಮ ಅಂಪೈರ್ ಯಾರೆಂಬ ಪ್ರಶ್ನೆಗೆ ನೂರರಲ್ಲಿ 53 ಮಂದಿ ಜಾಯ್ಸ್ ಅವರ ಹೆಸರನ್ನೇ ಹೇಳಿದ್ದರು. ಡೊನಾಲ್ಡ್ ಮೊದಲು ತಲುಪಿದರೆಂದೇ ಅವರು ಪ್ರಾಮಾಣಿಕವಾಗಿ ನಂಬಿದ್ದರು. ಸುತ್ತ ನಿಂತು ಕೂಗಾಡಿದವರಿಂದ ಆ ನಂಬಿಕೆ ಕದಲಲಿಲ್ಲ. ಅಂಪೈರರ ಕೋಣೆಗೆ ಹೋಗಿ ಚಿತ್ರವನ್ನು ಒಮ್ಮೆ ನೋಡಿದಾಗ ಕದಲಿತು.

ಅಲ್ಲಿಂದ ಮುಂದಿನದು ಅವರ ಕೈಯಲ್ಲೇ ಇತ್ತು. ಆ ಕೋಣೆಯಿಂದ ಹೊರಬಾರದೆ ಉಳಿಯಬಹುದಿತ್ತು. ಕಣ್ಣಳತೆಯ ತೀರ್ಪಿನಲ್ಲಿ ಹೆಚ್ಚುಕಡಿಮೆ ಸಹಜವೆನ್ನಬಹುದಿತ್ತು. ತಮ್ಮ ಸ್ಥಾನದಿಂದ ಹಾಗೆ ಕಂಡಿತೆನ್ನಬಹುದಿತ್ತು; ಅದು ಸುಳ್ಳೂ ಆಗುತ್ತಿರಲಿಲ್ಲ. ಮೇಲಧಿಕಾರಿಗಳು ಹೇಳಿಕೆ ನೀಡುವರೆಂದು ಜಾರಿಕೊಳ್ಳಬಹುದಿತ್ತು. ಜಾಯ್ಸ್ ಪತ್ರಕರ್ತರನ್ನು ಒಳಗೆ ಕರೆದು, ತಮ್ಮ ವೃತ್ತಿಜೀವನದ ಅತಿ ದೊಡ್ಡ ತೀರ್ಪನ್ನು ತಾವು ಕೆಡಿಸಿದ್ದಾಗಿ, ಆ ಹುಡುಗನ ಪರಿಪೂರ್ಣ ಆಟವನ್ನು ತಾವೇ ಕಳೆದದ್ದಾಗಿ ಹೇಳಿದರು. ಆ ಮಾತಿನಲ್ಲಿ 'ಆದರೆ' ಎಂಬ ಪದವಿರಲಿಲ್ಲ. ಟೈಗರ್ಸ್ ಆಡಳಿತದವರ ಮೂಲಕ ಹೇಳಿಕಳುಹಿಸಿ ಗಲಾರಾಗಾರನ್ನು ಭೇಟಿಯಾದರು. ಅಳುತ್ತ ಅಪ್ಪಿಕೊಂಡು, ಇಂಗ್ಲಿಷಿನಲ್ಲೂ ಆತನ ತಾಯ್ನುಡಿಯಾದ ಸ್ಪ್ಯಾನಿಷ್‌ನಲ್ಲೂ ಕ್ಷಮೆ ಕೇಳಿದರು. ಗಲಾರಾಗಾ ಪತ್ರಕರ್ತರ ಮುಂದೆ ಹೇಳಿದ್ದು ಒಂದೇ ಮಾತು: ಪರಿಪೂರ್ಣರು ಯಾರೂ ಇಲ್ಲ. ಆ ದಿನ ಪರಿಪೂರ್ಣ ಎಂಬ ಪದಕ್ಕೆ ಅರ್ಹವಾದ ಕೆಲಸ ಮಾಡಿದ್ದ ಒಬ್ಬನೇ ವ್ಯಕ್ತಿ ಅದನ್ನು ಹೇಳಿದುದರಿಂದಲೇ ಆ ಸವಕಲು ಮಾತಿಗೆ ತೂಕ ಬಂದಿತು.

ಇಲ್ಲಿ ಸತ್ಯದ ಸ್ವರೂಪವನ್ನು ಕುರಿತು ಒಂದು ಸೂಕ್ಷ್ಮವಿದೆ. ಜಾಯ್ಸ್ ಆಡಿದ್ದು ಅಸತ್ಯವೇ? ವಸ್ತುಸ್ಥಿತಿಗೆ ವಿರುದ್ಧವಾದದ್ದನ್ನು ಹೇಳಿದ್ದು ನಿಜ. ಆದರೆ ವಂಚಿಸುವ ಉದ್ದೇಶವಿರಲಿಲ್ಲ, ಲೋಭವಿರಲಿಲ್ಲ, ದ್ವೇಷವಿರಲಿಲ್ಲ. ಅದು ಪ್ರಮಾದ. ಕಣ್ಣು ತಪ್ಪಿದ್ದು, ಮನಸ್ಸು ತಪ್ಪಿದ್ದಲ್ಲ. ಮನಸ್ಸಿಗೆ ನಿಜವಾದ ಪರೀಕ್ಷೆ ಬಂದದ್ದು ಚಿತ್ರವನ್ನು ನೋಡಿದ ಮೇಲೆ. ತೀರ್ಪು ನೀಡಿದ ಕ್ಷಣದಲ್ಲಿ ತಪ್ಪು ಹೇಳಿಯೂ ಅವರು ಸುಳ್ಳುಗಾರರಾಗಿರಲಿಲ್ಲ. ಚಿತ್ರ ನೋಡಿದ ಮೇಲೆ ಮೌನವಾಗಿ ಉಳಿದಿದ್ದರೂ ಸುಳ್ಳುಗಾರರಾಗುತ್ತಿದ್ದರು.

ಮತ್ತೊಂದು ಸಂಗತಿ. ಪರ್ವದ ಕೊನೆಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಕ್ರಮವನ್ನು ಬಾಲ್ಯದಿಂದ ಕಂಡ ಮನೆಗಳವರಿಗೆ ಇದು ಗೊತ್ತಿರುತ್ತದೆ: ತಿಳಿದೋ ತಿಳಿಯದೆಯೋ ವರ್ಷವಿಡೀ ಮಾಡಿದ ತಪ್ಪುಗಳಿಗೆಲ್ಲ ಸೇರಿಸಿ ಕ್ಷಮೆ ಕೇಳುವುದು ಸುಲಭ. ಅಚ್ಚು ಹಾಕಿಸಿದ ಕಾರ್ಡನ್ನು ನೂರು ಮನೆಗಳಿಗೆ ಅಂಚೆಯಲ್ಲಿ ಕಳುಹಿಸುವುದು ಇನ್ನೂ ಸುಲಭ. ಇಂಥ ದಿನ, ಇಂಥ ಜಾಗದಲ್ಲಿ, ಇಂಥವರಿಗೆ, ಇಂಥ ತಪ್ಪನ್ನು ಮಾಡಿದೆನೆಂದು ಬೆರಳಿಟ್ಟು ತೋರಿಸಿ ಕೇಳುವುದು ಬೇರೆ. ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ಪ್ರತಿವರ್ಷ ಮೊದಲ ಬಗೆಯ ಕ್ಷಮೆಯನ್ನು ಕ್ರಮವಾಗಿ ಕೇಳಿಕೊಂಡು, ಎರಡನೆಯ ಬಗೆಯದನ್ನು ಇಡೀ ಜೀವಮಾನ ಮುಂದೂಡಿರುತ್ತಾರೆ.

ಮರುದಿನ, ಜೂನ್ 3ರ ಮಧ್ಯಾಹ್ನ, ಅದೇ ತಂಡಗಳಿಗೆ ಅದೇ ಅಂಗಳದಲ್ಲಿ ಮತ್ತೊಂದು ಪಂದ್ಯ. ಸರದಿಯ ಪ್ರಕಾರ ಅಂದು ಜಾಯ್ಸ್ ಮುಖ್ಯ ಬೇಸಿನ ಹಿಂದೆ ನಿಂತು ಪ್ರತಿಯೊಂದು ಚೆಂಡಿಗೂ ತೀರ್ಪು ಹೇಳಬೇಕಾಗಿತ್ತು. ರಾತ್ರಿ ಅವರು ಟೊಲಿಡೊದಲ್ಲಿದ್ದ ತಾಯಿಯ ಮನೆಗೆ ಹೋಗಿದ್ದರು. ಅದು ಅವರು ಹುಟ್ಟಿದ ಊರು. ಗಲಾರಾಗಾ ಕೆಲವೇ ವಾರಗಳ ಹಿಂದೆ ಕೆಳದರ್ಜೆಯಲ್ಲಿ ಆಡುತ್ತಿದ್ದುದೂ ಅಲ್ಲೇ. ಆ ದಿನ ರಜೆ ತೆಗೆದುಕೊಳ್ಳಬಹುದೆಂದು ಆಡಳಿತ ಮಂಡಳಿ ಸೂಚಿಸಿತು. ಜಾಯ್ಸ್ ಒಪ್ಪಲಿಲ್ಲ. ಹಿಂದಿನ ರಾತ್ರಿ ತಮ್ಮನ್ನು ಶಪಿಸಿದ ಜನರ ಎದುರಿಗೆ ಹೋಗಿ ನಿಂತರು.

ಪಂದ್ಯಕ್ಕೆ ಮುನ್ನ ಎರಡೂ ಕಡೆಯವರು ಆಡುವವರ ಪಟ್ಟಿಯನ್ನು ಅಂಪೈರರಿಗೆ ಒಪ್ಪಿಸುವ ಪದ್ಧತಿಯಿದೆ. ಸಾಮಾನ್ಯವಾಗಿ ಮ್ಯಾನೇಜರರೋ ಅವರ ಸಹಾಯಕರೋ ಮಾಡುವ ಕೆಲಸ. ಅಂದು ಲೇಲ್ಯಾಂಡ್ ಆ ಪಟ್ಟಿಯನ್ನು ಗಲಾರಾಗಾರ ಕೈಗೆ ಕೊಟ್ಟು ಕಳುಹಿಸಿದರು. ಹಿಂದಿನ ರಾತ್ರಿ ಅಂಪೈರರ ಮುಖಕ್ಕೆ ಮುಖವಿಟ್ಟು ಕೂಗಾಡಿದವರೂ ಇವರೇ ಎಂಬುದನ್ನು ಮರೆಯಬಾರದು. ಗಲಾರಾಗಾ ಬಂದು ಪಟ್ಟಿ ನೀಡಿ ಕೈ ಕುಲುಕಿದರು. ಜಾಯ್ಸ್ ಕಣ್ಣೊರೆಸಿಕೊಂಡು ಆ ಯುವಕನ ಹೆಗಲು ತಟ್ಟಿದರು. ಧಿಕ್ಕಾರದ ಕೂಗು ಅಲ್ಲಲ್ಲಿ ಕೇಳಿದರೂ ಜನರಲ್ಲಿ ಹೆಚ್ಚಿನವರು ಚಪ್ಪಾಳೆ ತಟ್ಟಿದರು. ಡೆಟ್ರಾಯಿಟ್ ಆಗ ಸುಖದ ದಿನಗಳನ್ನು ಕಾಣುತ್ತಿದ್ದ ಊರಲ್ಲ. ಆ ನಗರದ ಬೆನ್ನೆಲುಬಾದ ಜನರಲ್ ಮೋಟರ್ಸ್ ಸಂಸ್ಥೆ ಸರಿಯಾಗಿ ಒಂದು ವರ್ಷದ ಹಿಂದೆ, 2009ರ ಜೂನ್ 1ರಂದು, ದಿವಾಳಿಯ ಅರ್ಜಿ ಹಾಕಿತ್ತು. ಕಳೆದುಕೊಂಡದ್ದು ತಮ್ಮದೆಂದು ರೊಚ್ಚಿಗೇಳಲು ಆ ಜನರಿಗೆ ಕಾರಣಗಳ ಕೊರತೆಯಿರಲಿಲ್ಲ. ಅದೇ ಸಂಸ್ಥೆ ಅಂದು ಗಲಾರಾಗಾರಿಗೆ ಕೆಂಪು ಬಣ್ಣದ ಕಾರ್ವೆಟ್ ಕಾರೊಂದನ್ನು ಉಡುಗೊರೆಯಾಗಿ ನೀಡಿತು. ಅದೊಂದು ಜಾಹೀರಾತೂ ಹೌದು; ಆ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಹಾಗಾದರೆ ತೀರ್ಪನ್ನು ತಿದ್ದಬಹುದಿತ್ತಲ್ಲ? ಮಿಷಿಗನ್ ರಾಜ್ಯದ ಗವರ್ನರ್ ಜೆನಿಫರ್ ಗ್ರ್ಯಾನ್‌ಹೋಮ್ ಗಲಾರಾಗಾ ಆಡಿದ್ದು ಪರಿಪೂರ್ಣ ಆಟವೆಂದು ಅಧಿಕೃತವಾಗಿ ಘೋಷಿಸಿಯೇಬಿಟ್ಟರು. ಆದರೆ ಆಟದ ದಾಖಲೆಯ ಮೇಲೆ ರಾಜ್ಯ ಸರ್ಕಾರಕ್ಕೆ ಅಧಿಕಾರವಿಲ್ಲ. ಅಧಿಕಾರವಿದ್ದವರು ಬೇಸ್‌ಬಾಲ್ ಆಡಳಿತದ ಆಯುಕ್ತ ಬಡ್ ಸೀಲಿಗ್. ಅವರು ಇಬ್ಬರ ನಡವಳಿಕೆಯನ್ನೂ ಹೊಗಳಿದರು. ಚಿತ್ರ ನೋಡಿ ತೀರ್ಪು ನೀಡುವ ಪದ್ಧತಿಯನ್ನು ವಿಸ್ತರಿಸುವ ವಿಷಯ ಪರಿಶೀಲಿಸುವುದಾಗಿ ಹೇಳಿದರು. ತೀರ್ಪನ್ನು ಮಾತ್ರ ಬದಲಿಸಲಿಲ್ಲ.

ಇಲ್ಲಿ ಎರಡು ಪಕ್ಷಗಳಿಗೂ ಬಲವಿದೆ. ಔಟ್ ಹೌದೋ ಅಲ್ಲವೋ ಎಂಬಂಥ ಕಣ್ಣಳತೆಯ ವಿಷಯದಲ್ಲಿ ಅಂಪೈರರ ಮಾತೇ ಅಂತಿಮವೆಂಬುದು ಆಟದ ನಿಯಮ. ಒಂದನ್ನು ತಿದ್ದಿದರೆ ಹಿಂದಿನ ಎಲ್ಲವನ್ನೂ ಯಾಕೆ ತಿದ್ದಬಾರದೆಂದು ಕೇಳುವವರು ಹುಟ್ಟಿಕೊಳ್ಳುತ್ತಾರೆ. ಉದಾಹರಣೆಗೆ, 1985ರ ಅಕ್ಟೋಬರ್ 26ರಂದು ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯದಲ್ಲಿ ಅಂಪೈರ್ ಡಾನ್ ಡೆಂಕಿಂಜರ್ ಇದೇ ಮೊದಲ ಬೇಸಿನಲ್ಲಿ ಇಂಥದೇ ತಪ್ಪು ತೀರ್ಪು ನೀಡಿದರು. 1-0ಯಿಂದ ಗೆಲ್ಲುವ ಹಂತದಲ್ಲಿದ್ದ ಸೇಂಟ್ ಲೂಯಿಸ್ ತಂಡ ಆ ಪಂದ್ಯವನ್ನು ಸೋತಿತು, ಮರುದಿನ ಇಡೀ ಸರಣಿಯನ್ನೂ ಸೋತಿತು. ಡೆಂಕಿಂಜರ್ ಅವರಿಗೆ ವರ್ಷಗಟ್ಟಲೆ ಬೆದರಿಕೆಗಳು ಬಂದವು. ಅಂಥದನ್ನು ತಿದ್ದಹೊರಟರೆ ಯಾರಿಗೆ ಗೆಲುವು ಕೊಡುವುದು? ಆ ಮುಂದಿನ ಆಟವೇ ಬೇರೆಯಾಗಿರುತ್ತಿತ್ತು.

ಗಲಾರಾಗಾರ ಸಂಗತಿ ಹಾಗಲ್ಲ. ತೀರ್ಪನ್ನು ತಿದ್ದಿದರೆ ಪಂದ್ಯದ ಫಲಿತಾಂಶ ಕಿಂಚಿತ್ತೂ ಬದಲಾಗುವುದಿಲ್ಲ. 3-0 ಎಂಬುದು 3-0 ಆಗಿಯೇ ಉಳಿಯುತ್ತದೆ. ಯಾರಿಗೂ ನಷ್ಟವಿಲ್ಲ, ಡೊನಾಲ್ಡ್ ಅವರ ಲೆಕ್ಕದಿಂದ, ಅವರದಲ್ಲದ ಒಂದು ಹಿಟ್ ಕಳೆಯುತ್ತದೆ, ಅಷ್ಟೆ. ಇನ್ನು ಬೇಸ್‌ಬಾಲಿನವರು ಹಳೆಯದನ್ನು ಎಂದೂ ಮುಟ್ಟಿಲ್ಲವೆಂಬುದೂ ನಿಜವಲ್ಲ. 1983ರ ಜುಲೈ 24ರಂದು ಕ್ಯಾನ್ಸಸ್ ಸಿಟಿಯ ಜಾರ್ಜ್ ಬ್ರೆಟ್ ಅವರ ಬ್ಯಾಟಿಗೆ ಮಿತಿ ಮೀರಿ ರಾಳ ಬಳಿದಿದೆಯೆಂದು ಅಂಪೈರರು ಔಟ್ ನೀಡಿ ನ್ಯೂಯಾರ್ಕ್ ಯಾಂಕೀಸ್ ಗೆದ್ದಿತೆಂದು ಸಾರಿದ್ದರು. ಲೀಗಿನ ಅಧ್ಯಕ್ಷರು ಅದನ್ನು ರದ್ದುಗೊಳಿಸಿದರು, ಆಗಸ್ಟ್ 18ರಂದು ಉಳಿದ ಆಟವನ್ನು ಆಡಿಸಿದಾಗ ಕ್ಯಾನ್ಸಸ್ ಸಿಟಿ 5-4ರಿಂದ ಗೆದ್ದಿತು. ಅಲ್ಲಿದ್ದದ್ದು ನಿಯಮದ ಅರ್ಥದ ಪ್ರಶ್ನೆ, ಕಣ್ಣಿನ ಪ್ರಶ್ನೆಯಲ್ಲ ಎಂಬ ವ್ಯತ್ಯಾಸವುಂಟು, ಒಪ್ಪತಕ್ಕದ್ದೇ. ಆದರೆ 1991ರಲ್ಲಿ ಸಮಿತಿಯೊಂದು ವ್ಯಾಖ್ಯೆಯನ್ನೇ ಬದಲಿಸಿ ಹಲವು ಪಿಚರುಗಳ ಹಳೆಯ ಸಾಧನೆಗಳನ್ನು ಪಟ್ಟಿಯಿಂದ ತೆಗೆದುಹಾಕಿತು. 1959ರಲ್ಲಿ ಹನ್ನೆರಡು ಇನ್ನಿಂಗ್ಸ್‌ಗಳವರೆಗೆ, ಅಂದರೆ 36 ಮಂದಿಯನ್ನು ಸಾಲಾಗಿ ಔಟ್ ಮಾಡಿಸಿ, ಹದಿಮೂರನೆಯದರಲ್ಲಿ ಪಂದ್ಯ ಸೋತ ಹಾರ್ವೀ ಹ್ಯಾಡಿಕ್ಸ್ ಅವರ ಅದ್ಭುತವೂ ಹಾಗೆಯೇ ಬಿಟ್ಟುಹೋಯಿತು. ಕಳೆಯಲು ಪುಸ್ತಕ ತೆರೆಯುವವರು ಕೂಡಿಸಲು ತೆರೆಯಲಾರೆವೆನ್ನುವುದು ವಿಚಿತ್ರವಾಗಿ ಕಾಣುತ್ತದೆ.

ಲೆಕ್ಕದ ಪುಸ್ತಕದಲ್ಲಿ ಹಿಂದಿನ ವರ್ಷದ ತಪ್ಪು ಜಮೆಯೊಂದು ಕಣ್ಣಿಗೆ ಬಿದ್ದಾಗ ಯಾವ ಟ್ರಸ್ಟಿನಲ್ಲೂ ಆ ಹಾಳೆಯನ್ನು ಹರಿಯುವುದಿಲ್ಲ. ತಪ್ಪೆಂದು ಗೊತ್ತಿದ್ದೂ ಹಾಗೇ ಬಿಡುವುದೂ ಇಲ್ಲ. ಹಳೆಯ ಬರಹ ಕಾಣುವಂತೆಯೇ ಉಳಿಸಿ, ಪಕ್ಕದಲ್ಲಿ ತಿದ್ದುಪಡಿ ಬರೆದು, ದಿನಾಂಕ ಹಾಕಿ ಸಹಿ ಮಾಡುತ್ತಾರೆ. ತಪ್ಪು ಆದದ್ದೂ ಸತ್ಯ, ತಿದ್ದಿದ್ದೂ ಸತ್ಯ, ಎರಡೂ ದಾಖಲೆಯಲ್ಲಿರಬೇಕು. ಸೀಲಿಗ್ ಅವರಿಂದ ಅಷ್ಟಾದರೂ ಆಗಬಹುದಿತ್ತು.

ಗಲಾರಾಗಾರ ಕ್ಷಮೆಯ ಬೆಲೆಯನ್ನು ತಿಳಿಯಲು 1972ರ ಸೆಪ್ಟೆಂಬರ್ 2ರ ಪ್ರಸಂಗವನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಷಿಕಾಗೋ ಕಬ್ಸ್ ತಂಡದ ಮಿಲ್ಟ್ ಪಾಪಸ್ ಅಂದು 26 ಮಂದಿಯನ್ನು ಸಾಲಾಗಿ ಔಟ್ ಮಾಡಿದ್ದರು. ಇಪ್ಪತ್ತೇಳನೆಯವನಿಗೆ ಎಸೆದ ಕೊನೆಯ ಚೆಂಡು ಗೆರೆಯ ಹೊರಗೆ ಹೋಯಿತೆಂದು ಅಂಪೈರ್ ಬ್ರೂಸ್ ಫ್ರೆಮಿಂಗ್ ತೀರ್ಪಿತ್ತು ಆ ಆಟಗಾರನನ್ನು ಮೊದಲ ಬೇಸಿಗೆ ಕಳುಹಿಸಿದರು. ಪಂದ್ಯವನ್ನು 8-0ರಿಂದ ಗೆದ್ದರೂ, ಆ ದಿನ ಒಬ್ಬನಿಗೂ ಹಿಟ್ ಕೊಡದ ಹಿರಿಮೆ ತಮ್ಮದಾಗಿಯೇ ಉಳಿದರೂ, ಪಾಪಸ್‌ಗೆ ಸಮಾಧಾನವಾಗಲಿಲ್ಲ. ಫ್ರೆಮಿಂಗ್ ತಮ್ಮ ತೀರ್ಪನ್ನು ಸರಿಯೆಂದೇ ಸಮರ್ಥಿಸಿಕೊಂಡರು; ಪಾಪಸ್ 2016ರಲ್ಲಿ ತೀರಿಕೊಳ್ಳುವವರೆಗಿನ ದಶಕಗಳಲ್ಲಿ ಆ ಕೊರಗನ್ನು ಸಂದರ್ಶನಗಳಲ್ಲಿ ಹೊರಹಾಕುತ್ತಲೇ ಇದ್ದರು. ಅವರಿಬ್ಬರಲ್ಲಿ ಯಾರು ಸರಿಯೆಂದು ಇಂದು ಹೇಳುವುದು ಕಷ್ಟ. ಒಂದು ಚೆಂಡು ಒಂದೆರಡು ಅಂಗುಲ ಆಚೆ ಹೋಯಿತೋ ಈಚೆ ಹೋಯಿತೋ ಎಂಬ ಪ್ರಶ್ನೆ ನಾಲ್ಕು ದಶಕ ಒಬ್ಬ ಮನುಷ್ಯನ ಮನೆಯಲ್ಲಿ ವಾಸಮಾಡಿತು. ಫ್ರೆಮಿಂಗ್ ಕೂಡ ಜಾಯ್ಸ್‌ರಂತೆ ಬಾಗಿಲು ತಟ್ಟಿದ್ದರೆ ಏನಾಗುತ್ತಿತ್ತೋ. ಕ್ಷಮೆ ಕೇಳುವವನಿಲ್ಲದೆ ಕ್ಷಮಿಸುವುದು ಬಹಳ ದೊಡ್ಡವರಿಗೆ ಮಾತ್ರ ಸಾಧ್ಯವಾದ ಕೆಲಸ. ಆಟಗಾರರಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ.

ಗಲಾರಾಗಾ ಮತ್ತು ಜಾಯ್ಸ್ ಮುಂದೆ ಸ್ನೇಹಿತರಾದರು. ಬರಹಗಾರರೊಬ್ಬರ ನೆರವಿನಿಂದ ಇಬ್ಬರೂ ಸೇರಿ ಬರೆದ ಪುಸ್ತಕ 2011ರಲ್ಲಿ ಪ್ರಕಟವಾಯಿತು. ಅದಕ್ಕೆ ಆ ರಾತ್ರಿಯ ಗಲಾರಾಗಾರ ಮಾತನ್ನೇ ಹೆಸರಾಗಿಟ್ಟರು. ಇದರಿಂದ ಒಂದು ತೊಡಕೂ ಹುಟ್ಟಿತು. ಆಟಗಾರನೊಡನೆ ವ್ಯವಹಾರವಿರುವ ಅಂಪೈರ್ ಅವನ ಪಂದ್ಯಕ್ಕೆ ತೀರ್ಪುಗಾರನಾಗುವುದು ಹೇಗೆ? ಆಡಳಿತ ಮಂಡಳಿ ಈ ಪ್ರಶ್ನೆಯನ್ನೆತ್ತಿದ್ದು ಯೋಗ್ಯವೇ. ಆ ವೇಳೆಗೆ ಗಲಾರಾಗಾ ಡೆಟ್ರಾಯಿಟ್ ಬಿಟ್ಟು ಅರಿಜೋನಾ ತಂಡಕ್ಕೆ ಹೋಗಿದ್ದರು. ಅವರ ಆಟ ಮತ್ತೆ ಆ ಎತ್ತರಕ್ಕೆ ಏರಲಿಲ್ಲ. 26 ಗೆಲುವು, 34 ಸೋಲುಗಳೊಂದಿಗೆ ಮೇಲ್ದರ್ಜೆಯ ಆಟ ಮುಗಿದು, 2015ರಲ್ಲಿ ನಿವೃತ್ತರಾದರು. ಆ ಒಂದು ಸಂಜೆ ಅವರ ಪಾಲಿಗೆ ಹಲವುಗಳಲ್ಲಿ ಒಂದಾಗಿರಲಿಲ್ಲ, ಇದ್ದದ್ದೇ ಅದೊಂದು. ಅದನ್ನು ತಿಳಿದ ಮೇಲೆ ಆ ಮೆಲುನಗೆ ಇನ್ನಷ್ಟು ಭಾರವಾಗಿ ತೋರುತ್ತದೆ.

ಜಾಯ್ಸ್ 2016ರ ಋತುವಿನವರೆಗೆ ತೀರ್ಪು ಹೇಳಿದರು. 2012ರ ಆಗಸ್ಟ್ 20ರಂದು ಅರಿಜೋನಾದ ಫೀನಿಕ್ಸ್ ಕ್ರೀಡಾಂಗಣದಲ್ಲಿ ಪಂದ್ಯಕ್ಕೆ ಮುನ್ನ ಅಲ್ಲಿನ ಕೆಲಸಗಾರ್ತಿಯೊಬ್ಬರು ಹೃದಯ ನಿಂತು ಕುಸಿದಾಗ, ಜಾಯ್ಸ್ ಅವರ ಎದೆಯೊತ್ತಿ ಜೀವ ಉಳಿಸಿದರು. ಅನಂತರ ಹೋಗಿ ಅಂದಿನ ಪಂದ್ಯದಲ್ಲಿ ಕರ್ತವ್ಯ ನಿರ್ವಹಿಸಿದರು. ಆದರೂ ಅವರ ಹೆಸರು ಹೇಳಿದೊಡನೆ ಜನರಿಗೆ ನೆನಪಾಗುವುದು ಮೊದಲ ಬೇಸಿನಲ್ಲಿ ಚಾಚಿದ ಆ ಎರಡು ಕೈಗಳೇ.

2014ರಿಂದ ಬೇಸ್‌ಬಾಲಿನಲ್ಲಿ ಇಂಥ ತೀರ್ಪುಗಳನ್ನು ಚಿತ್ರ ನೋಡಿ ಪರಿಶೀಲಿಸುವ ವ್ಯವಸ್ಥೆ ಬಂದಿದೆ. ಅಲ್ಲಿಯವರೆಗೆ ಚೆಂಡು ಅಂಗಳದ ಗಡಿ ದಾಟಿತೋ ಇಲ್ಲವೋ ಎಂಬಂಥ ಹೊಡೆತಗಳಿಗೆ ಮಾತ್ರ ಆ ಸೌಲಭ್ಯವಿತ್ತು. ಇಂದು ಡೊನಾಲ್ಡ್ ಅವರ ಓಟದಂಥದೇ ಪ್ರಸಂಗ ನಡೆದರೆ ಎರಡು ಮೂರು ನಿಮಿಷಗಳಲ್ಲಿ ತೀರ್ಪು ತಿದ್ದಿಹೋಗುತ್ತದೆ. ಆಗ ಕಣ್ಣೀರೂ ಇಲ್ಲ, ಅಪ್ಪುಗೆಯೂ ಇಲ್ಲ. ಇದರಿಂದ ಮಾನವೀಯತೆಗೆ ನಷ್ಟವಾಯಿತೆಂದು ಕೊರಗುವವರಿದ್ದಾರೆ. ಆ ಮಾತನ್ನು ಒಪ್ಪುವುದು ಕಷ್ಟ. ಕ್ಷಮೆಗೆ ಅವಕಾಶ ಸಿಗಲೆಂದು ಅನ್ಯಾಯವನ್ನು ಉಳಿಸಿಕೊಳ್ಳುವುದು, ದಾನ ಮಾಡುವ ಪುಣ್ಯಕ್ಕಾಗಿ ಊರಿನಲ್ಲಿ ಬಡವರಿರಲೆಂದು ಬಯಸಿದಂತೆ.

ಕ್ಷಮಿಸಿದವನು ತನ್ನ ಹಕ್ಕನ್ನೂ ಬಿಟ್ಟುಕೊಟ್ಟನೆಂದು ಭಾವಿಸುವುದು ಲೋಕದ ರೂಢಿ. ದಾಯಾದಿಗಳ ಜಗಳದಲ್ಲಿ 'ಕ್ಷಮಿಸಿದ್ದೇನೆ ಅಂದೆಯಲ್ಲ, ಮತ್ತೇಕೆ ಪಾಲು ಕೇಳುತ್ತೀ' ಎನ್ನುವವರುಂಟು. 2020ರಲ್ಲಿ, ಆ ಘಟನೆಗೆ ಹತ್ತು ವರ್ಷ ತುಂಬುವ ಹೊತ್ತಿಗೆ, ಗಲಾರಾಗಾ ಸಂದರ್ಶನವೊಂದರಲ್ಲಿ ತಮ್ಮ ಆಟವನ್ನು ಅಧಿಕೃತವಾಗಿ ಪರಿಪೂರ್ಣವೆಂದು ಮನ್ನಿಸಬೇಕೆಂಬ ಆಸೆಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಇದನ್ನು ಕೇಳಿ ಕೆಲವರಿಗೆ ನಿರಾಶೆಯಾಯಿತಂತೆ. ಸಂತನೆಂದು ಕೊಂಡಾಡಿದವನು ಮತ್ತೆ ಮನುಷ್ಯನಾದನಲ್ಲ ಎಂದು. ನಿರಾಶೆಗೆ ಕಾರಣವಿಲ್ಲ. ಅವರು ಜಾಯ್ಸ್ ವಿರುದ್ಧ ಒಂದು ಮಾತನ್ನೂ ಆಡಿರಲಿಲ್ಲ. ಮನುಷ್ಯನ ಮೇಲಿನ ಸಿಟ್ಟನ್ನು ಬಿಟ್ಟಿದ್ದರು. ನಡೆದದ್ದು ನಡೆದಂತೆ ಬರೆಯಲ್ಪಡಲಿ ಎಂಬ ಕೋರಿಕೆಯನ್ನು ಬಿಟ್ಟಿರಲಿಲ್ಲ. ಹತ್ತು ವರ್ಷ ಕ್ಷಮೆಯನ್ನೂ ಕೋರಿಕೆಯನ್ನೂ ಒಂದೇ ಎದೆಯಲ್ಲಿಟ್ಟುಕೊಂಡು, ಒಂದರಿಂದ ಇನ್ನೊಂದನ್ನು ಕಲಕದೆ ಕಾಪಾಡಿದ್ದರು. ಆ ರಾತ್ರಿಯ ನಗೆಗಿಂತ ಇದು ಕಷ್ಟದ ಕೆಲಸವಾಗಿದ್ದಿರಬೇಕು.

ಕೋರಿಕೆ ಈಡೇರಿಲ್ಲ. 2023ರ ಜೂನ್ 28ರಂದು ನ್ಯೂಯಾರ್ಕ್ ಯಾಂಕೀಸ್ ತಂಡದ ಡೊಮಿಂಗೊ ಹೆರ್ಮಾನ್ ಓಕ್‌ಲ್ಯಾಂಡ್ ವಿರುದ್ಧ ಪರಿಪೂರ್ಣ ಆಟವಾಡಿದಾಗ ಪಟ್ಟಿಯಲ್ಲಿ ಇಪ್ಪತ್ತನಾಲ್ಕು ಹೆಸರುಗಳಾದವು. ಆ ಪಟ್ಟಿಯ ಇಪ್ಪತ್ತನೆಯ ಸಾಲಿನಲ್ಲಿ 2010ರ ಮೇ 29ರ ದಿನಾಂಕವೂ ರಾಯ್ ಹ್ಯಾಲಡೇ ಅವರ ಹೆಸರೂ ಇವೆ. ಅದರ ಕೆಳಗೆ, ಇಪ್ಪತ್ತೊಂದನೆಯ ಸಾಲಿನಲ್ಲಿ, 2012ರ ಏಪ್ರಿಲ್ 21.